ದೀಪಾವಳಿಯಿಂದ ಕೂತ ದನಿ ಇನ್ನೂ ಎದ್ದಿಲ್ಲ: ಹಾಡು ನಿಲ್ಲಿಸಬೇಕೇ?

ಪ್ರಶ್ನೆ (ಭಜನಾ ಗಾಯಕಿ, ರಬಕವಿ-ಬನಹಟ್ಟಿ)

ಮೇಡಂ ಅವರಿಗೆ ನಮಸ್ಕಾರಗಳು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 38. ಹದಿನೈದು ವರ್ಷಗಳಿಂದ ನಮ್ಮ ಓಣಿಯ ಭಜನಾ ಮೇಳದಲ್ಲಿ ವಚನ, ತತ್ವಪದಗಳನ್ನು ಹಾಡುತ್ತ ಬಂದಿದ್ದೇನೆ. ಕಳೆದ ದೀಪಾವಳಿಯ ನೆಗಡಿಯಲ್ಲಿ ಕೂತ ದನಿ ಇಂದಿಗೂ ಪೂರ್ತಿ ಎದ್ದಿಲ್ಲ. ಕರಿ ಐದರ ಪಟ್ಟಿಯಲ್ಲಿ (ಹಾರ್ಮೋನಿಯಂನ ಐದನೆಯ ಕಪ್ಪು ಮನೆಯನ್ನು ‘ಸ’ ಎಂದು ಹಿಡಿದ ಶ್ರುತಿಯಲ್ಲಿ) ಪಂಚಮ ದಾಟುತ್ತಿದ್ದಂತೆ ದನಿ ಒಡೆಯುತ್ತದೆ. ಮೆಲ್ಲಗೆ ಹಾಡಲು ಹೋದರೆ ಸ್ವರ ಹುಟ್ಟುವ ಮೊದಲು ಬರಿಯ ಗಾಳಿ ಬರುತ್ತದೆ. ಬೆಳಿಗ್ಗೆ ಎದ್ದಾಗ ಗಂಟಲಲ್ಲಿ ಏನೋ ಅಂಟಿಕೊಂಡಂತಿದ್ದು, ಎಷ್ಟು ಕ್ಯಾಕರಿಸಿದರೂ ಹೋಗುವುದಿಲ್ಲ. ಎರಡು ಸಲ ಆ್ಯಂಟಿಬಯೋಟಿಕ್ ಮಾತ್ರೆಗಳ ಕೋರ್ಸ್ ಮುಗಿಸಿದ್ದೇನೆ. ಜೇಷ್ಠಮಧು, ಮೆಣಸು, ಕಲ್ಲುಸಕ್ಕರೆ ಎಲ್ಲವೂ ಆಗಿವೆ. ತರಗತಿಯಲ್ಲಿ 45 ಮಕ್ಕಳಿದ್ದಾರೆ, ಮನೆಯ ಗೋಡೆಗೆ ಹತ್ತಿಕೊಂಡು ಪವರ್‌ಲೂಮ್‌ಗಳಿವೆ, ಭಜನೆ ಮುಗಿಸಿ ಊಟ ಮಾಡುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ವಿಚಿತ್ರವೆಂದರೆ, ಬೇಸಿಗೆ ರಜೆಯಲ್ಲಿ ಜಾತ್ರೆ, ಮದುವೆಗಳೆಂದು ವಾರಕ್ಕೆ ಮೂರು ನಾಲ್ಕು ರಾತ್ರಿ ಹಾಡಿದರೂ ದನಿ ಬಹಳಷ್ಟು ಸುಧಾರಿಸಿತ್ತು. ಶಾಲೆ ತೆರೆದು ಹದಿನೈದು ದಿನಗಳಲ್ಲಿ ಮತ್ತೆ ಮೊದಲಿನಂತಾಯಿತು. ಹಾಡು ಬಿಟ್ಟರೆ ಮಾತ್ರ ದನಿ ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಶ್ರಾವಣಕ್ಕೆ ಇನ್ನು ಏಳೆಂಟು ವಾರಗಳಿವೆ. ಏನು ಮಾಡಲಿ?

ಉತ್ತರ (ವಾಕ್ ಮತ್ತು ಧ್ವನಿ ಚಿಕಿತ್ಸಕಿ, ಬೆಳಗಾವಿ)

ಅಕ್ಕನವರೇ, ನೀವು ವಿಚಿತ್ರವೆಂದು ಬರೆದ ಸಾಲೇ ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡಿತು. ಹಾಡು ಹೆಚ್ಚಾದ ತಿಂಗಳುಗಳಲ್ಲಿ ದನಿ ಸುಧಾರಿಸಿ, ಪಾಠ ಆರಂಭವಾದ ಕೂಡಲೇ ಕೆಟ್ಟಿತೆಂದರೆ, ತಪ್ಪನ್ನು ಹಾಡಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಕರಿ ಐದರ ಮಧ್ಯ ಷಡ್ಜವನ್ನು (ನಡುವಿನ ‘ಸ’) ಹೆಣ್ಣುದನಿ ಹಿಡಿದಾಗ ಎರಡು ಧ್ವನಿತಂತುಗಳು ಸೆಕೆಂಡಿಗೆ ಸುಮಾರು 233 ಸಲ ಒಂದಕ್ಕೊಂದು ಬಡಿಯುತ್ತವೆ, ತಾರ ಷಡ್ಜದಲ್ಲಿ (ಮೇಲಿನ ‘ಸ’) ಅದರ ಇಮ್ಮಡಿ. ಮಕ್ಕಳ ಗದ್ದಲದ ಮೇಲೆ ಏರಿಸಿದ ಮಾತೂ ಮಧ್ಯ ಷಡ್ಜದ ಆಸುಪಾಸಿನಲ್ಲೇ ಇರುತ್ತದೆ. ಶಾಲೆಯಲ್ಲಿ ನಿಮ್ಮ ಗಂಟಲು ನಿಜವಾಗಿ ದನಿ ಮಾಡಿದ ಸಮಯ ಎರಡೇ ಗಂಟೆ ಎಂದು ಹಿಡಿದರೂ ಆ ಬಡಿತಗಳ ಸಂಖ್ಯೆ ದಿನಕ್ಕೆ 15 ಲಕ್ಷವನ್ನು ಮೀರುತ್ತದೆ. ಇಷ್ಟೆಲ್ಲವನ್ನೂ ಹೊರುವ ತಂತುವಿನ ಉದ್ದ ಒಂದರಿಂದ ಒಂದೂವರೆ ಸೆಂಟಿಮೀಟರ್. ಅಷ್ಟು ದುಡಿದು ಬಂದ ತಂತುಗಳನ್ನು ಮಗ್ಗದ ಸದ್ದು ಮನೆಯಲ್ಲಿಯೂ ಬಿಡುವುದಿಲ್ಲ. ಸುತ್ತಲಿನ ಸದ್ದು ಏರಿದಂತೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ. ಬನಹಟ್ಟಿಯ ಕಡೆಯಿಂದ ಬರುವವರು ನನ್ನ ನಿಶ್ಶಬ್ದವಾದ ಕೋಣೆಯಲ್ಲಿಯೂ ಓಣಿಯಾಚೆ ನಿಂತವರನ್ನು ಕರೆಯುವಂತೆ ಮಾತಾಡುವುದನ್ನು ಕಂಡಿದ್ದೇನೆ.

ಹೀಗೆ ತಿಂಗಳುಗಟ್ಟಲೆ ಬಡಿದಲ್ಲಿ, ಕುಡುಗೋಲು ಹಿಡಿದ ಅಂಗೈಯಲ್ಲಿ ಜಡ್ಡು ಕಟ್ಟುವಂತೆ, ಎರಡೂ ತಂತುಗಳ ಅಂಚಿನಲ್ಲಿ ಎದುರುಬದುರಾಗಿ ಸಣ್ಣ ಗಂಟು ಏಳಬಹುದು. ಗಂಟಿದ್ದರೆ ತಂತುಗಳು ಪೂರ್ತಿ ಕೂಡುವುದಿಲ್ಲ, ಸಂದಿಯಿಂದ ಗಾಳಿ ಸೋರುತ್ತದೆ. ಮೆಲ್ಲಗೆ ಹಾಡುವಾಗ ಬರಿಯ ಗಾಳಿ ಬರುವುದಕ್ಕೆ ಇದು ಕಾರಣವಾಗಿರಬಹುದು. ಆದರೆ ಇದು ಊಹೆ. ಒಂದೇ ಬದಿಯಲ್ಲಿ ನೀರುಗುಳ್ಳೆಯಂತಹ ಪಾಲಿಪ್ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ದನಿ ಕೆಡುತ್ತದೆ. ನಾಲ್ಕು ವಾರ ಮೀರಿದ ಯಾವ ದನಿಯ ದೋಷವನ್ನೂ ಕಿವಿ-ಮೂಗು-ಗಂಟಲು ವೈದ್ಯರು ಕ್ಯಾಮೆರಾ ಇಳಿಸಿ ಕಣ್ಣಾರೆ ನೋಡಬೇಕು. ನಿಮಗೆ ಏಳು ತಿಂಗಳಾಗಿವೆ, ಇನ್ನೂ ಯಾರೂ ನೋಡಿಲ್ಲ. ಸಾಧ್ಯವಾದರೆ ಸ್ಟ್ರೋಬೋಸ್ಕೋಪಿ ಸೌಲಭ್ಯವಿರುವಲ್ಲಿಗೇ ಹೋಗಿ. ಮಿನುಗುವ ಬೆಳಕಿನಲ್ಲಿ ತಂತುಗಳ ಕಂಪನ ನಿಧಾನವಾಗಿ ನಡೆದಂತೆ ಕಾಣುವುದರಿಂದ, ಎಲ್ಲಿ ಬಿಗಿತವಿದೆ, ಎಲ್ಲಿ ಸಂದಿ ಇದೆ ಎಂಬುದು ತಿಳಿಯುತ್ತದೆ. ಕಫದಲ್ಲಿ ರಕ್ತ, ನುಂಗಲು ತೊಂದರೆ, ಉಸಿರಾಟದ ಸದ್ದು, ಕುತ್ತಿಗೆಯಲ್ಲಿ ಗಡ್ಡೆ, ಇವುಗಳಲ್ಲಿ ಒಂದಿದ್ದರೂ ನಾಳೆಯೇ ಹೋಗಬೇಕು.

ಬೆಳಗಿನ ಅಂಟು ಹೊಟ್ಟೆಯ ಆಮ್ಲ ಮೇಲೇರುವುದರ ಗುರುತೂ ಆಗಿರಬಹುದು. ಹನ್ನೊಂದಕ್ಕೆ ರೊಟ್ಟಿ, ರಂಜಕ ತಿಂದು ಹನ್ನೊಂದೂವರೆಗೆ ಮಲಗಿದರೆ ಅದು ಗಂಟಲಿನವರೆಗೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಊಟವನ್ನು ಭಜನೆಗೆ ಮುಂಚೆ, ಹೊಟ್ಟೆ ಬಿರಿಯದಷ್ಟು, ಮುಗಿಸಿಕೊಳ್ಳಿ. ಕ್ಯಾಕರಿಸುವುದನ್ನು ಬಿಡಿ, ಅದು ತಂತುಗಳನ್ನು ಒಂದಕ್ಕೊಂದು ಅಪ್ಪಳಿಸುವ ಕೆಲಸ. ಅದರ ಬದಲು ಒಂದು ಗುಟುಕು ನೀರು ನುಂಗಿ. ಅಂದಹಾಗೆ, ಕುಡಿದ ನೀರಾಗಲಿ ಜೇಷ್ಠಮಧುವಿನ ರಸವಾಗಲಿ ಧ್ವನಿತಂತುವಿಗೆ ನೇರವಾಗಿ ತಾಗುವುದಿಲ್ಲ. ತಾಗಿದರೆ ನೆತ್ತಿಗೇರಿ ಕೆಮ್ಮುತ್ತೀರಿ. ನೀರು ದೇಹದ ಮೂಲಕ ನಿಧಾನವಾಗಿ ತಂತುವನ್ನು ಹಸಿಯಾಗಿಡುತ್ತದೆ, ನೇರವಾಗಿ ತಲುಪುವುದು ಬಿಸಿನೀರಿನ ಹಬೆ ಮಾತ್ರ. ಜೇಷ್ಠಮಧು ಹಿತವೆನಿಸಿದರೆ ಚೂರು ಅಗಿಯಿರಿ, ಆದರೆ ನಿತ್ಯ ಹೆಚ್ಚು ತಿಂದರೆ ರಕ್ತದೊತ್ತಡ ಏರುತ್ತದೆ.

ತರಗತಿಗೆ ಸೊಂಟಕ್ಕೆ ಕಟ್ಟುವ ಸಣ್ಣ ಮೈಕ್ ಕೊಳ್ಳಿ. ಸಹೋದ್ಯೋಗಿಗಳು ನಕ್ಕರೆ ನಗಲಿ. ಮಕ್ಕಳನ್ನು ಸುಮ್ಮನಿರಿಸಲು ಚಪ್ಪಾಳೆಯನ್ನೋ ಗಂಟೆಯನ್ನೋ ಬಳಸಿ. ಪಿಸುಮಾತು ವಿಶ್ರಾಂತಿಯಲ್ಲ, ಒತ್ತಿ ಪಿಸುಗುಟ್ಟಿದರೆ ಗಂಟಲು ಇನ್ನಷ್ಟು ಬಿಗಿಯುತ್ತದೆ.

ಪ್ರತಿಕ್ರಿಯೆ (ಹಾರ್ಮೋನಿಯಂ ವಾದಕರು, ಗೋಕಾಕ)

ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಒಂದೇ ಶ್ವಾಸಕೋಶದಿಂದ ಹಾಡಿದರಲ್ಲವೇ? ಮನಸ್ಸು ಗಟ್ಟಿ ಇದ್ದರೆ ಸಾಕೆಂದು ನನ್ನ ಅನಿಸಿಕೆ. ಇನ್ನೊಂದು ಮಾತು: ಬನಶಂಕರಿ ಜಾತ್ರೆಯ ನಾಟಕಗಳಲ್ಲಿ ದನಿ ಕೂತವರು ಇಂಜೆಕ್ಷನ್ ಮಾಡಿಸಿಕೊಂಡು ಅದೇ ರಾತ್ರಿ ಹಾಡಿದ್ದನ್ನು ನೋಡಿದ್ದೇನೆ.

ಉತ್ತರ

ಅಣ್ಣಾವರೇ, ಕುಮಾರ ಗಂಧರ್ವರು ಕ್ಷಯರೋಗ ಬಂದಾಗ ಸುಮಾರು 5 ವರ್ಷ ಹಾಡಲಿಲ್ಲ ಎಂಬುದನ್ನೂ ನಾವು ನೆನೆಯಬೇಕು. ಮತ್ತೆ ಹಾಡಿದಾಗಲೂ ಇದ್ದ ಉಸಿರಿಗೆ ತಕ್ಕಂತೆ ಗಾಯನವನ್ನು ಚಿಕ್ಕ ಚಿಕ್ಕ ತುಣುಕುಗಳಲ್ಲಿ ಕಟ್ಟಿಕೊಂಡರೇ ಹೊರತು ದೇಹದೊಡನೆ ಜಗಳವಾಡಲಿಲ್ಲ. ಇಂಜೆಕ್ಷನ್ ಬಹುಮಟ್ಟಿಗೆ ಸ್ಟೀರಾಯ್ಡ್. ಅದು ಬಾವು ಇಳಿಸಿ ನೋವನ್ನು ಮರೆಸುತ್ತದೆ; ಮರೆತು ಕೂಗಿದ ತಂತುವಿನಲ್ಲಿ ರಕ್ತನಾಳ ಒಡೆದರೆ ಒಂದೇ ರಾತ್ರಿಯಲ್ಲಿ ದನಿ ಹೋಗಬಹುದು. ತಂತುವನ್ನು ನೋಡದೆ ಅದನ್ನು ಚುಚ್ಚಿಸಿಕೊಳ್ಳಬಾರದು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಮೇಡಂ, ಪರೀಕ್ಷೆ ಆಯಿತು. ಎರಡೂ ಬದಿಗೆ ಸಣ್ಣ ಗಂಟುಗಳಿವೆ, ಸದ್ಯ ಶಸ್ತ್ರಚಿಕಿತ್ಸೆ ಬೇಡ, ಧ್ವನಿ ಚಿಕಿತ್ಸೆ ಆರಂಭಿಸಿ ಎಂದಿದ್ದಾರೆ. ಮೈಕ್ ಕೊಂಡಿದ್ದೇನೆ, ನಾಲ್ಕನೆಯ ದಿನದಿಂದ ಮಕ್ಕಳೇ ಅದನ್ನು ಚಾರ್ಜಿಗೆ ಹಾಕುತ್ತಿದ್ದಾರೆ. ಶ್ರಾವಣದಲ್ಲಿ ಹಾಡಬಹುದೇ?

ಉತ್ತರ

ಸರಿಯಾದ ಸಲಹೆಯನ್ನೇ ಕೊಟ್ಟಿದ್ದಾರೆ. ಅಭ್ಯಾಸ ಬದಲಾಗದೆ ಗಂಟು ಕತ್ತರಿಸಿದರೆ ಅದು ಮರಳಿ ಬರುತ್ತದೆ. ಚಿಕಿತ್ಸಕರು ಕಲಿಸುವುದರ ಜೊತೆಗೆ ಇದನ್ನು ಅವರಿಗೆ ತೋರಿಸಿ ಮಾಡಿ: ಲೋಟದಲ್ಲಿ ನೀರು ತುಂಬಿ, ಕೊಳವೆಯ (ಸ್ಟ್ರಾ) ಒಂದು ತುದಿಯನ್ನು ಎರಡು ಬೆರಳಿನಷ್ಟು ಆಳಕ್ಕೆ ಇಳಿಸಿ, ‘ಊ’ ಎಂದು ದನಿ ಮಾಡುತ್ತ ಗುಳ್ಳೆ ಎಬ್ಬಿಸಿ. ಗುಳ್ಳೆಗಳು ಒಂದೇ ಸಮನೆ ಏಳಬೇಕು. ತಡವರಿಸಿದರೆ ಉಸಿರು ಒತ್ತಿದಿರಿ ಎಂದರ್ಥ. ಬಾಯಿಯಿಂದ ಹಿಮ್ಮರಳುವ ಒತ್ತಡ ತಂತುಗಳನ್ನು ತುಸು ದೂರ ಹಿಡಿಯುವುದರಿಂದ ಅವು ಜೋರಾಗಿ ಬಡಿದುಕೊಳ್ಳದೆ ಕಂಪಿಸುತ್ತವೆ. ದಿನಕ್ಕೆ ನಾಲ್ಕೈದು ಸಲ, ಎರಡು ಮೂರು ನಿಮಿಷ ಸಾಕು.

ಶ್ರಾವಣದಲ್ಲಿ ಹಾಡಿ, ಆದರೆ ರಾತ್ರಿಗೆ ಎರಡೇ ಪದ. ಕರಿ ಐದನ್ನು ಬಿಟ್ಟು ಕರಿ ಮೂರಕ್ಕೆ ಇಳಿಯಿರಿ. ತಾರ ಷಡ್ಜದ ಬಡಿತ ಸೆಕೆಂಡಿಗೆ 466 ಇದ್ದದ್ದು 370ಕ್ಕೆ ಬರುತ್ತದೆ. ತಬಲಾದವರು ಶ್ರುತಿ ಬದಲಿಸಲು ಗೊಣಗಬಹುದು, ಅವರಿಗೆ ಮೊದಲೇ ತಿಳಿಸಿ. ನಿಮ್ಮ ದನಿ ನಿಮಗೇ ಕೇಳುವಂತೆ ಸ್ಪೀಕರಿನ ಒಂದು ಬಾಯಿ ನಿಮ್ಮ ಕಡೆಗೆ ತಿರುಗಿರಲಿ. ಪಲ್ಲವಿ ಮರುಕಳಿಸಿದಾಗ ಹಿಮ್ಮೇಳದವರಿಗೆ ಬಿಟ್ಟು ನೀವು ತಾಳ ಹಿಡಿದು ಕುಳಿತಿರಿ. ಮರುದಿನ ಬೆಳಿಗ್ಗೆ ತಾರದಲ್ಲಿ ಮೆಲ್ಲಗೆ ಒಂದು ಷಡ್ಜ ಹಿಡಿದು ನೋಡಿ. ಅದು ಗಾಳಿಯಿಲ್ಲದೆ ಹುಟ್ಟಿದರೆ ಮುಂದಿನ ಸೋಮವಾರವೂ ಹಾಡಬಹುದು. ಹುಟ್ಟದಿದ್ದರೆ ಆ ವಾರ ತಾಳ ಮಾತ್ರ.