ಸ್ಕೋಪ್ ‘ಝೀರೋ’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಮೂರು ವಾರದಿಂದ ನನ್ನನ್ನು ಕಾಡುತ್ತಿದೆ. ರೈಫಲ್ ಮೇಲೆ ಕೂರಿಸುವ ದುರ್ಬೀನಿಗೆ ಸ್ಕೋಪ್ ಅನ್ನುತ್ತೇವೆ. ಅದರಲ್ಲಿ ನೋಡಿದ ಕಡೆಗೇ ಗುಂಡು ಬೀಳುವಂತೆ ಸರಿಮಾಡುವುದಕ್ಕೆ ಇಲ್ಲಿ ಪುಣೆಯಲ್ಲಿ ಎಲ್ಲರ ಬಾಯಲ್ಲೂ ‘ಝೀರೋ ಮಾಡುವುದು’. ಮರಾಠಿಯವರೂ ‘ಝೀರೋ ಕೇಲಂ ಕಾ?’ ಎಂದೇ ಕೇಳುತ್ತಾರೆ. ಕನ್ನಡದಲ್ಲಿ ಏನನ್ನಬೇಕು?

ಸುಮ್ನೆ ಕೇಳುತ್ತಿಲ್ಲ, ಕಾರಣ ಇದೆ. ನನ್ನ ಅಕ್ಕನ ಮಗ ವಿಜಯಪುರದವನು, ಪುಣೆಯ ಹಿಂಜವಡಿಯಲ್ಲಿ ಕೆಲಸ. ಹೊಸದಾಗಿ 4.5 ಮಿ.ಮೀ. ಏರ್ ರೈಫಲ್ಲು, ಅದಕ್ಕೊಂದು ಸ್ಕೋಪು ತೆಗೆದುಕೊಂಡ. ಜೊತೆಗೆ ಬಂದ ಚೀಟಿ ಅವನಿಗೆ ಅರ್ಥವಾಗಲಿಲ್ಲ. ನಾನು ಒಂದು ಪುಟ ಕನ್ನಡದಲ್ಲಿ ಬರೆದುಕೊಟ್ಟೆ. ಅದರಲ್ಲಿ ‘ಮೊದಲು ಸ್ಕೋಪನ್ನು ಸೊನ್ನೆ ಮಾಡು’ ಎಂದು ಬರೆದಿದ್ದೆ. ಭಾನುವಾರ ರೇಂಜ್‌ನಲ್ಲಿ ನೋಡಿದರೆ, ಅವನು ಎರಡೂ ತಿರುಪುಗಳನ್ನು ತಿರುಗಿಸಿ ‘0’ ಗುರುತಿಗೆ ತಂದು ನಿಲ್ಲಿಸಿ ಐದು ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಗುಂಡು) ಹೊಡೆದಿದ್ದ. ಐದೂ ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚುವಷ್ಟು ಹತ್ತಿರ ಹತ್ತಿರ. ಆದರೆ ನಡುವಿನ ಚುಕ್ಕೆಯಿಂದ ಮೂರೂವರೆ ಸೆಂಟಿಮೀಟರ್ ಕೆಳಗೆ, ಎರಡು ಸೆಂಟಿಮೀಟರ್ ಎಡಕ್ಕೆ.

‘ಮಾಮಾ, ನೀವು ಬರದಂಗೇ ಮಾಡೀನಲ್ಲ’ ಅಂದ. ಹೌದು, ನಾನು ಬರೆದ ಹಾಗೇ ಮಾಡಿದ್ದ. ಹುಡುಗನ ಕೈ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ನನ್ನ ಪದ.

ನಿಜವಾಗಿ ನಡೆಯುವ ಕೆಲಸ ಏನು ಎಂದು ಹೇಳಿಬಿಡುತ್ತೇನೆ, ಆಗ ಪದ ಹುಡುಕುವುದು ಸುಲಭ. ಸ್ಕೋಪ್ ನಳಿಗೆಯ ಮೇಲೆ ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರದಲ್ಲಿ ಕೂತಿರುತ್ತದೆ. ಕಣ್ಣಿನ ದಾರಿ ನೇರ. ಗುಂಡಿನ ದಾರಿ ಬಿಲ್ಲಿನಂತೆ ಬಾಗಿದ್ದು. ಇವೆರಡೂ ನಮಗೆ ಬೇಕಾದ ದೂರದಲ್ಲಿ ಒಂದು ಕಡೆ ಕೂಡಬೇಕು. ಅದಕ್ಕೆಂದೇ ಸ್ಕೋಪಿನ ನೆತ್ತಿಯ ಮೇಲೊಂದು, ಪಕ್ಕದಲ್ಲೊಂದು ತಿರುಪು ಇರುತ್ತವೆ. ಮೇಲಿನದು ಏರಿಸಿ ಇಳಿಸುವುದಕ್ಕೆ, ಪಕ್ಕದ್ದು ಎಡಬಲಕ್ಕೆ. ತಿರುಗಿಸಿದಾಗ ಬೆರಳಿಗೆ ಕಟ್ ಕಟ್ ಎಂದು ತಾಗುವ ಒಂದೊಂದು ಹೆಜ್ಜೆಗೂ ಒಂದು ಲೆಕ್ಕ. ಹೆಚ್ಚಿನ ಸ್ಕೋಪುಗಳಲ್ಲಿ ಒಂದು ಕ್ಲಿಕ್ ಅಂದರೆ ಕಾಲು ಮಿನಿಟ್. ಇದು ಗಡಿಯಾರದ ಮಿನಿಟಲ್ಲ, ಒಂದು ಡಿಗ್ರಿಯ 60ನೇ ಒಂದು ಪಾಲು. 100 ಮೀಟರಿನಲ್ಲಿ ಒಂದು ಮಿನಿಟ್ ಸುಮಾರು 2.9 ಸೆಂಟಿಮೀಟರ್ ಆಗುತ್ತದೆ, ಹಾಗಾಗಿ ಒಂದು ಕ್ಲಿಕ್ಕಿಗೆ 7 ಮಿಲಿಮೀಟರಿಗಿಂತ ತುಸು ಜಾಸ್ತಿ. ನಾವಿದ್ದದ್ದು 25 ಮೀಟರಿನಲ್ಲಿ. ಅಲ್ಲಿ ಒಂದು ಕ್ಲಿಕ್ಕಿಗೆ ಸುಮಾರು 1.8 ಮಿಲಿಮೀಟರ್. ಮೇಲಕ್ಕೆ 19, ಬಲಕ್ಕೆ 11 ಕ್ಲಿಕ್ ತಿರುಗಿಸಿದೆವು. ಮುಂದಿನ ಐದು ಪೆಲೆಟ್ ಚುಕ್ಕೆಯ ಸುತ್ತಲೇ ಬಿದ್ದವು. ತಿರುಪಿನ ಮೇಲಿನ ಬಾಣದ ಗುರುತು ಗುಂಡು ಯಾವ ಕಡೆ ಹೋಗಬೇಕು ಎಂಬುದನ್ನು ತೋರಿಸುತ್ತದೆ. ಕನ್ನಡದಲ್ಲಿ ಬರೆಯುವಾಗ ‘ಗುಂಡು ಮೇಲಕ್ಕೆ’, ‘ಗುಂಡು ಬಲಕ್ಕೆ’ ಎಂದು ಬಿಡಿಸಿ ಬರೆದರೆ ಒಳ್ಳೆಯದು. ಬರೀ ‘ಮೇಲಕ್ಕೆ’ ಎಂದರೆ ಎಷ್ಟೋ ಜನ ಉಲ್ಟಾ ತಿರುಗಿಸುತ್ತಾರೆ.

ಇಷ್ಟಾದ ಮೇಲೆ ತಿರುಪಿನ ಅಂಕಿಪಟ್ಟಿಯನ್ನು ಸಡಿಲಿಸಿ ‘0’ಗೆ ತಂದು ಬಿಗಿ ಮಾಡುತ್ತೇವೆ. ಮುಂದೆ ಎಷ್ಟೇ ತಿರುಗಿಸಿದರೂ ವಾಪಸ್ ಬರಲು ಒಂದು ಗುರುತು ಇರಲಿ ಎಂದು. ಸೊನ್ನೆ ಬರುವುದು ಇಲ್ಲಿ, ಕೊನೆಗೆ. ನನ್ನ ಚೀಟಿಯಲ್ಲಿ ಅದು ಮೊದಲ ಸಾಲಿಗೇ ಬಂದುಬಿಟ್ಟಿತ್ತು. ಅದೂ ಅಲ್ಲದೆ, ನಮ್ಮ ಮಾತಿನಲ್ಲಿ ‘ಸೊನ್ನೆ ಮಾಡಿದ’ ಅಂದರೆ ಇದ್ದದ್ದನ್ನೆಲ್ಲ ಹಾಳುಮಾಡಿದ ಎಂದೇ ಅರ್ಥ, ಅಲ್ವಾ?

‘ಹೊಂದಿಸು’ ಹೇಗೆ ಎಂದು ಯೋಚಿಸಿದೆ. ತುಂಬಾ ಅಗಲದ ಪದ. ಸ್ಕೋಪನ್ನು ರೈಫಲ್ಲಿಗೆ ಬಿಗಿಯುವುದೂ ಹೊಂದಿಸುವುದೇ. ‘ಗುರಿ ಇಡು’, ‘ಗುರಿ ಹಿಡಿ’ ಅಂದರೆ ಪ್ರತಿ ಸಲ ಹೊಡೆಯುವ ಮುಂಚೆ ಮಾಡುವ ಕೆಲಸ, ಇದಲ್ಲ.

ನನಗೆ ಮನಸ್ಸಿಗೆ ಬಂದದ್ದು ‘ಗುರಿ ಕೂಡಿಸು’. ತಂಬೂರಿಯ ಶ್ರುತಿ ಕೂಡಿಸುತ್ತೇವಲ್ಲ, ಹಾಗೆ. ಗದಗಿನಿಂದ ಬಂದ ಭೀಮಸೇನ ಜೋಶಿಯವರು ಬಾಳಿ ಹಾಡಿದ ಊರಿದು. ಇಲ್ಲಿನ ಕನ್ನಡದವರಿಗೆ ಈ ಮಾತು ದೂರದ್ದಲ್ಲ. ಎರಡೂ ಕೆಲಸದ ಸ್ವಭಾವ ಒಂದೇ ಎಂದು ನನಗೆ ಅನ್ನಿಸುತ್ತದೆ. ತುಸು ತಿರುಗಿಸು, ಮೀಟಿ ನೋಡು. ತುಸು ತಿರುಗಿಸು, ಹೊಡೆದು ನೋಡು. ಒಮ್ಮೆ ಕೂಡಿತು ಎಂದರೆ ಮುಗಿಯಲಿಲ್ಲ. ಪೆಲೆಟ್ಟಿನ ತೂಕ ಬದಲಾದರೆ, ಸ್ಕೋಪ್ ಬಿಚ್ಚಿ ಹಾಕಿದರೆ ಮತ್ತೆ ಕೂಡಿಸಬೇಕು. ಹಾಗಾಗಿ ‘25 ಮೀಟರಿಗೆ ಗುರಿ ಕೂಡಿಸಿದೆ’, ‘ಗುರಿ ಕೂಡಿಲ್ಲ, ಎಡಕ್ಕೆ ಬೀಳ್ತಿದೆ’ ಎಂದು ಸಲೀಸಾಗಿ ಹೇಳಬಹುದು. ಕೊನೆಯ ಹಂತಕ್ಕೆ ‘ಸೊನ್ನೆಗೆ ತಂದಿಡು’.

ಮರಾಠಿ, ಹಿಂದಿಯ ನಡುವೆ ಇರುವುದರಿಂದ ಇನ್ನೆರಡು ಪದ ಕಣ್ಣಿಗೆ ಬೀಳುತ್ತವೆ. ಮೊದಲನೆಯದು ‘ನೇಮ’. ಅವರಲ್ಲಿ ನೇಮ್ ಅಂದರೆ ಗುರಿಯೂ ಹೌದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದಾಗ ಇಲ್ಲಿನ ಪತ್ರಿಕೆಗಳು ಅವರನ್ನು ‘ನೇಮಬಾಜ್’ ಎಂದು ಕರೆದವು. (ಒಲಿಂಪಿಕ್ಸ್ ರೈಫಲ್ಲಿಗೆ ಸ್ಕೋಪ್ ಇಲ್ಲ, ಸಣ್ಣ ತೂತಿನಲ್ಲಿ ನೋಡಿಯೇ ಹೊಡೆಯಬೇಕು.) ಕನ್ನಡದ ನೇಮ ಬೇರೆ, ವ್ರತದ ನೇಮ, ನಿತ್ಯದ ನೇಮ. ಅದನ್ನು ತರುವುದು ಬೇಡ ಎಂದು ನನ್ನ ಮತ. ಎರಡನೆಯದು ‘ಶಿಸ್ತು’. ಹಿಂದಿಯಲ್ಲಿ ಸೈನಿಕರು ಗುರಿ ಹಿಡಿಯುವುದಕ್ಕೆ ‘ಶಿಸ್ತ್ ಲೇನಾ’ ಅನ್ನುತ್ತಾರೆ. ನಮ್ಮ ಶಾಲೆಯ ಶಿಸ್ತು, ಶಿಸ್ತಾಗಿ ಬಟ್ಟೆ ಹಾಕುವ ಶಿಸ್ತು ಇದೇ ಬೇರಿನದೇ? ತಿಳಿದವರು ಹೇಳಬೇಕು.

ಉಳಿದವು ಚಿಕ್ಕವು. ಸ್ಕೋಪಿನ ಒಳಗೆ ಕಾಣುವ ಕೂಡುಗೆರೆಗೆ ‘ಎಳೆ’ ಸಾಕು. 17ನೇ ಶತಮಾನದಲ್ಲಿ ಗ್ಯಾಸ್ಕಾಯ್ನ್ ಎಂಬ ಇಂಗ್ಲೆಂಡಿನ ಖಗೋಳಜ್ಞ ತನ್ನ ದುರ್ಬೀನಿನೊಳಗೆ ಜೇಡ ಕಟ್ಟಿದ್ದ ಎಳೆಯನ್ನು ಕಂಡೇ ಈ ಉಪಾಯ ಹೊಳೆಯಿತಂತೆ. ಕಣ್ಣಿಗೂ ಸ್ಕೋಪಿಗೂ ನಡುವೆ ಇರಬೇಕಾದ ಮೂರು ನಾಲ್ಕು ಇಂಚಿಗೆ ಯಾರೋ ‘ಕಣ್ಣಳತೆ’ ಎಂದರು. ಬೇಡ, ಕಣ್ಣಳತೆ ಅಂದರೆ ಅಂದಾಜು. ‘ಕಣ್ದೂರ’ ಆಗಬಹುದೇ? ತಲೆ ತುಸು ಅಲ್ಲಾಡಿದರೆ ಎಳೆ ಗುರಿಯ ಮೇಲೆ ತೇಲಿದಂತೆ ಕಾಣುವ ಪ್ಯಾರಲಾಕ್ಸ್‌ಗೆ ಜ್ಯೋತಿಷದ ಹಳೆಯ ಪದ ‘ಲಂಬನ’ ಇದೆ. ಆದರೆ ಅದನ್ನು ಕೇಳಿ ಹುಡುಗನಿಗೆ ಏನೂ ಹೊಳೆಯಲಿಲ್ಲ. ‘ಎಳೆ ತೇಲ್ತಿದೆ, ಸ್ಕೋಪಿನ ಮುಂತುದಿಯ ಬಳೆ ತಿರುಗಿಸು’ ಎಂದೆ, ತಕ್ಷಣ ತಿಳಿಯಿತು.

ಕೊಡಗು, ಮಲೆನಾಡಿನವರನ್ನು ವಿಶೇಷವಾಗಿ ಕೇಳುತ್ತೇನೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಮುಂಚೆ, ಕೋವಿ ಎಡಕ್ಕೋ ಬಲಕ್ಕೋ ಎಳೆಯುತ್ತಿದ್ದರೆ ಹಿರಿಯರು ಅದನ್ನು ಸರಿಮಾಡುವುದಕ್ಕೆ ಯಾವ ಮಾತು ಬಳಸುತ್ತಾರೆ? ಅಂಥ ಪದ ಒಂದಿದ್ದರೆ ‘ಗುರಿ ಕೂಡಿಸು’ ಬಿಟ್ಟು ಅದನ್ನೇ ಚೀಟಿಯಲ್ಲಿ ಬರೆಯುತ್ತೇನೆ.