ಮುಂಬಯಿಯಲ್ಲಿ ಕಲಾವಿದರ ಯೂನಿಯನ್ ಚುನಾವಣೆಗೆ ನಿಲ್ಲುವುದು: ನಿಂತವರು ಅನುಭವ ಹೇಳಿ

ಪ್ರಶ್ನೆ, ಮೀರಾ ರೋಡ್‌ನಿಂದ

ನಾನು ಡಬ್ಬಿಂಗ್ ಕಲಾವಿದೆ. ಊರು ಧಾರವಾಡ, ಮದುವೆಯಾಗಿ ಮುಂಬಯಿ ಸೇರಿದವಳು. ಹಿಂದಿ ಧಾರಾವಾಹಿಗಳ ಕನ್ನಡ ಅವತರಣಿಕೆಗೆ ಧ್ವನಿ ಕೊಡುತ್ತೇನೆ, ನಡುನಡುವೆ ಜಾಹೀರಾತು ಸಿಗುತ್ತದೆ. ನಮ್ಮ ಯೂನಿಯನ್ನಿನ ಚುನಾವಣೆ ಹತ್ತಿರ ಬಂದಿದೆ. ಜಂಟಿ ಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲಿ ಎಂದು ಕೆಲವರು ಬೆನ್ನು ಬಿದ್ದಿದ್ದಾರೆ. ಬಣದ ಜೊತೆ ನಿಲ್ಲಬೇಕೇ, ಒಂಟಿಯಾಗಿಯೇ? ಖರ್ಚು ಎಷ್ಟಾಗುತ್ತದೆ? ಸೋತರೆ ಸ್ಟುಡಿಯೋದವರು ಕರೆಯುವುದನ್ನೇ ಬಿಡುತ್ತಾರೆಯೇ? ಹಿಂದಿ ಸರಾಗ, ಮರಾಠಿ ಅರ್ಥವಾಗುತ್ತದೆ ಅಷ್ಟೇ.

ಗೋರೆಗಾಂವ್‌ನಿಂದ, ಪೋಷಕ ನಟ, ಒಂದು ಅವಧಿಗೆ ಖಜಾಂಚಿಯಾಗಿದ್ದವನು

ತಂಗಿ, ಬಣದ ಮಾತು ಆಮೇಲೆ. ಮೊದಲು ಕಚೇರಿಗೆ ಹೋಗಿ ನಿಯಮಾವಳಿಯ ಪ್ರತಿ ತೆಗೆದುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ಹಳೆಯ ಪಿಡಿಎಫ್ ನಂಬಬೇಡಿ, ತಿದ್ದುಪಡಿಗಳು ಅದರಲ್ಲಿ ಇರುವುದಿಲ್ಲ. ಎಷ್ಟು ವರ್ಷದ ಸದಸ್ಯತ್ವ ಇರಬೇಕು, ಚಂದಾ ಯಾವ ತಾರೀಖಿನೊಳಗೆ ಚುಕ್ತಾ ಆಗಿರಬೇಕು, ಸೂಚಕರು ಮತ್ತು ಅನುಮೋದಕರು ಎಷ್ಟು ಮಂದಿ ಎಂಬುದು ಒಂದೊಂದು ಯೂನಿಯನ್ನಿನಲ್ಲಿ ಒಂದೊಂದು ಥರ. ಅಭ್ಯರ್ಥಿಯ ಚಂದಾ ಸರಿಯಾಗಿದ್ದು ಸೂಚಕನ ಚಂದಾ ಬಾಕಿ ಇದ್ದದ್ದಕ್ಕೆ ನಾಮಪತ್ರ ಬಿದ್ದುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆತ ಹೆಸರು ಮಾಡಿದ ನಟ. ಚುನಾವಣಾಧಿಕಾರಿ ರಸೀದಿ ಪುಸ್ತಕ ತಿರುಗಿಸಿ ತೋರಿಸಿದರು, ಮಾತು ಅಲ್ಲಿಗೇ ಮುಗಿಯಿತು.

ಎರಡನೆಯದು ಮತದಾರರ ಪಟ್ಟಿ. ಇಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಭಾಷಣದಲ್ಲಲ್ಲ, ಈ ಪಟ್ಟಿಯಲ್ಲಿ. ತೀರಿಕೊಂಡವರ ಹೆಸರು ಇರುತ್ತದೆ, ದಿನಾ ದುಡಿಯುವವರ ಹೆಸರು ಚಂದಾ ಬಾಕಿಯೆಂದು ಬಿಟ್ಟುಹೋಗಿರುತ್ತದೆ. ಪಟ್ಟಿಯನ್ನೂ ಲೆಕ್ಕದ ಪುಸ್ತಕವನ್ನೂ ಸದಸ್ಯರು ನೋಡಬಹುದೆಂದು 1926ರ ಕಾರ್ಮಿಕ ಸಂಘಗಳ ಕಾಯ್ದೆಯೇ ಹೇಳಿತ್ತು. ಕೇಳುವುದಾದರೆ ಲಿಖಿತವಾಗಿ ಕೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹಳೆಯ ಕಲಂ ಸಂಖ್ಯೆ ಹಿಡಿದು ವಾದಿಸುವವರು ನಿಮ್ಮ ಸಭೆಯಲ್ಲೂ ಇರುತ್ತಾರೆ, ಅವರ ಬಾಯಿಗೆ ಸಿಗದಂತೆ ಹೊಸದನ್ನು ಓದಿಕೊಂಡು ಹೋಗಿ.

ನಿಮ್ಮ ಹೆಸರಿಗೆ ಮತ ಯಾಕೆ ಹಾಕಬೇಕು ಎಂಬುದಕ್ಕೆ ನನ್ನ ಬಳಿ ಒಂದೇ ಉತ್ತರ ಇದೆ: ಬಾಕಿ ವಸೂಲಿ. ಕೆಲಸ ಮುಗಿದು 90 ದಿನಗಳ ಮೇಲೆ ಹಣ ಎಂಬುದು ಇಲ್ಲಿನ ಟಿವಿ ಲೋಕದ ರೂಢಿ. ಆ 90 ಎಷ್ಟೋ ಸಲ 150 ಆಗುತ್ತದೆ, ಆಮೇಲೆ ನಿರ್ಮಾಪಕರು ಫೋನ್ ಎತ್ತುವುದಿಲ್ಲ. ಸದಸ್ಯ ಯೂನಿಯನ್ನಿನ ಮೆಟ್ಟಿಲು ಹತ್ತುವುದು ಆಗಲೇ. ಬಂದವನ ಕೈಯಲ್ಲಿ ಕಾಗದವೇ ಇರುವುದಿಲ್ಲ, ಎಲ್ಲವೂ ಬಾಯಿಮಾತಿನ ಕೆಲಸ. ನೀವು ಈಗಿನಿಂದಲೇ ಒಬ್ಬಿಬ್ಬರ ದೂರನ್ನು ಕಡತವಾಗಿ ಕಟ್ಟಿಕೊಡಿ. ಸ್ಟುಡಿಯೋದ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ ಪುಟದ ಫೋಟೋ, ಕಲಾವಿದರನ್ನು ಕೆಲಸಕ್ಕೆ ಕರೆಯುವ ಕೋಆರ್ಡಿನೇಟರ್ ಕಳಿಸಿದ ಸಂದೇಶ, ಕಂತುಗಳ ಸಂಖ್ಯೆ, ಒಪ್ಪಿದ ದರ, ಹಿಂದಿನ ಪಾವತಿಯ ಬ್ಯಾಂಕ್ ನಮೂದು, ಇಷ್ಟನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿದರೆ ದೂರು ಸಮಿತಿಯಲ್ಲಿ ಎದುರಿನವರ ಸ್ವರ ತಗ್ಗುತ್ತದೆ. ಹೀಗೆ ಹಣ ಕೊಡಿಸಿದ ಒಬ್ಬಳ ಹೆಸರು ಅಂಧೇರಿಯಿಂದ ಮಲಾಡ್‌ವರೆಗೆ ಒಂದು ವಾರದಲ್ಲಿ ಓಡಾಡಿಬಿಡುತ್ತದೆ. ಕರಪತ್ರಕ್ಕೆ ಅಂಥ ಕಾಲಿಲ್ಲ.

ಖರ್ಚಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಠೇವಣಿ ಇದ್ದರೆ ಅದು, ಸ್ವಲ್ಪ ಮುದ್ರಣ, ರಿಕ್ಷಾ, ಚಹಾ. ಇದಕ್ಕಿಂತ ಹೆಚ್ಚು ಸುರಿಯುವವರು ಕುರ್ಚಿಯಿಂದ ಏನನ್ನೋ ವಾಪಸು ಪಡೆಯುವ ಲೆಕ್ಕದಲ್ಲಿರುತ್ತಾರೆ.

ಇನ್ನೊಂದು ಎಚ್ಚರಿಕೆ. 'ಸದಸ್ಯರಲ್ಲದವರಿಗೆ ಕೆಲಸ ಸಿಗದಂತೆ ಮಾಡುತ್ತೇನೆ' ಎಂದು ಚಪ್ಪಾಳೆಗಾಗಿ ಘೋಷಿಸಬೇಡಿ. ಸದಸ್ಯರನ್ನೇ ತೆಗೆದುಕೊಳ್ಳಬೇಕೆಂದು ನಿರ್ಮಾಪಕರ ಕೈ ಕಟ್ಟುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2017ರಲ್ಲಿ ಇಲ್ಲಿನ ಸಿನಿಮಾ ಕಾರ್ಮಿಕ ಸಂಘಟನೆಗಳ ಪ್ರಕರಣದಲ್ಲೇ ಹೇಳಿದೆ. ಗೆದ್ದ ಮೇಲೆ ಆ ಮಾತು ನಡೆಸಿಕೊಡಲು ಆಗುವುದಿಲ್ಲ.

ಕಾಂದಿವಲಿಯಿಂದ, ಸಮೂಹ ನೃತ್ಯ ಕಲಾವಿದೆ

ಅಣ್ಣನವರು ಬಣದ ಪ್ರಶ್ನೆಯನ್ನು ಜಾಣತನದಿಂದ ದಾಟಿಸಿಬಿಟ್ಟರು. ನಾನು ಬಣದ ಜೊತೆ ನಿಂತು ಗೆದ್ದವಳು. ಮೊದಲ ಸಲ ನಿಲ್ಲುವವರಿಗೆ ಬಣವಿಲ್ಲದೆ ಪದಾಧಿಕಾರಿ ಸ್ಥಾನ ಕಷ್ಟ, ಏಕೆಂದರೆ ಮತದಾರರು ಮೇಲಿನ ಎರಡು ಹೆಸರು ನೋಡಿ ಉಳಿದದ್ದಕ್ಕೆ ಸಾಲಾಗಿ ಗುರುತು ಹಾಕಿಬಿಡುತ್ತಾರೆ. ಆದರೆ ಬಣದ ಕರಪತ್ರದಲ್ಲಿ ಫೋಟೋ ಬಂದ ದಿನದಿಂದ ಬಣದ ಹಳೆಯ ಜಗಳಗಳೂ ನಿಮ್ಮವೇ. ನನ್ನ ಮುಖವನ್ನೇ ಕಂಡಿರದವರು ನನ್ನ ಮೇಲೆ ಸಿಟ್ಟಾಗಿದ್ದರು. ಸೇರುವ ಮುನ್ನ ಒಂದು ಮಾತು ಕೇಳಿ: ದೂರು ಸಮಿತಿಯಲ್ಲಿ ನನಗೆ ಜಾಗ ಇದೆಯೇ? ವೇದಿಕೆಯ ಮೇಲೆ ಹೂಗುಚ್ಛ ಕೊಡಲು ಹೆಂಗಸೊಬ್ಬಳು ಬೇಕೆಂದು ಕರೆಯುವವರು ಇದಕ್ಕೆ ನೇರವಾಗಿ ಉತ್ತರಿಸುವುದಿಲ್ಲ.

ಸಭೆಗಳು ಪ್ಯಾಕಪ್ ಆದ ಮೇಲೆ ಶುರುವಾಗುತ್ತವೆ. ಮೀರಾ ರೋಡ್‌ಗೆ ವಾಪಸು ಹೋಗುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ. ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಸಂಬಳವಿಲ್ಲದ ಹುದ್ದೆ, ನೆನಪಿರಲಿ.

ಮಾಟುಂಗಾದಿಂದ, ಹವ್ಯಾಸಿ ರಂಗಕರ್ಮಿ

ಕನ್ನಡಿಗರ ಮತ ಎಂದು ಯಾರಾದರೂ ಲೆಕ್ಕ ಹೇಳಿದರೆ ಕಿವಿಗೊಡಬೇಡಿ. ಮಂಗಳೂರು, ಉಡುಪಿ ಕಡೆಯವರನ್ನೂ ಸೇರಿಸಿಕೊಂಡರೂ ಡಬ್ಬಿಂಗ್ ಕೋಣೆಯಲ್ಲಿ ನಮ್ಮವರು ಬೆರಳೆಣಿಕೆಯಷ್ಟೇ. ಕನ್ನಡದ ಅಭ್ಯರ್ಥಿ ಎಂದು ಹಣೆಪಟ್ಟಿ ಅಂಟಿದರೆ ಭೋಜಪುರಿ, ತಮಿಳು, ಬಂಗಾಳಿ ಕಲಾವಿದರು ತಮ್ಮ ತಮ್ಮವರನ್ನು ಹುಡುಕಲು ಶುರು ಮಾಡುತ್ತಾರೆ. ಅವರದ್ದೂ ನಿಮ್ಮದೇ ಸ್ಥಿತಿ: ಹಿಂದಿಗೆ ಒಂದು ದರ, ಉಳಿದ ಭಾಷೆಗಳಿಗೆ ಅದಕ್ಕಿಂತ ಕಡಿಮೆ. ಅವರೆಲ್ಲರ ಬಾಯಾಗಿ ನಿಲ್ಲಿ. ಮರಾಠಿಯಲ್ಲಿ ಮೊದಲ ನಾಲ್ಕು ವಾಕ್ಯ ಬಾಯಿಪಾಠ ಮಾಡಿ, ಆಮೇಲೆ ಹಿಂದಿಗೆ ಬನ್ನಿ. ಧ್ವನಿಯೇ ಕಸುಬಾಗಿರುವವರಿಗೆ ಉಚ್ಚಾರದ ಪಾಠ ನಾನೇನು ಹೇಳಲಿ.

ಆದರೂ ನಮ್ಮ ಸಂಘಗಳಲ್ಲಿ ಓಡಾಡಿದ್ದರೆ ಅದು ಕೆಲಸಕ್ಕೆ ಬರುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನದೋ ಕರ್ನಾಟಕ ಸಂಘದ್ದೋ ವಾರ್ಷಿಕ ಮಹಾಸಭೆಯಲ್ಲಿ ಕೊನೆಯವರೆಗೆ ಕುಳಿತವರಿಗೆ ನಡಾವಳಿ ಓದುವುದು, ಲೆಕ್ಕಪತ್ರಕ್ಕೆ ಪ್ರಶ್ನೆ ಕೇಳುವುದು ಹೊಸದಲ್ಲ. ಮುಂಬಯಿ ಕನ್ನಡಿಗರಿಗೆ ಸಂಘ ಕಟ್ಟುವುದನ್ನು ಯಾರೂ ಕಲಿಸಬೇಕಿಲ್ಲ. ಒಡೆಯುವುದನ್ನಂತೂ ಬೇಡವೇ ಬೇಡ.

ಓಶಿವರಾದಿಂದ, ಧ್ವನಿಮುದ್ರಣ ತಂತ್ರಜ್ಞ

ಕೆಲಸ ಹೋಗುತ್ತದೆಯೇ ಎಂದು ಕೇಳಿದ್ದೀರಿ. ಕೆಲವು ಕಡೆ ಹೋಗುತ್ತದೆ. ಸ್ಟುಡಿಯೋಗೆ ನಿಮ್ಮ ಚುನಾವಣೆ ಗೊತ್ತೇ ಇರುವುದಿಲ್ಲ. ಕರೆ ನಿಲ್ಲಿಸುವವರು ನಡುವಿನ ಕೋಆರ್ಡಿನೇಟರ್‌ಗಳು, ಅದೂ ಬಾಯಿಬಿಟ್ಟು ಹೇಳುವುದಿಲ್ಲ, 'ಈ ಸಲ ಹೊಸ ಧ್ವನಿ ಕೇಳಿದ್ದಾರೆ ಮೇಡಂ' ಎನ್ನುತ್ತಾರೆ. ಒಬ್ಬರ ಮೇಲೆಯೇ ನಿಮ್ಮ ಅರ್ಧ ಸಂಪಾದನೆ ನಿಂತಿದ್ದರೆ ನಿಲ್ಲುವ ಮೊದಲು ಇನ್ನೆರಡು ಬಾಗಿಲು ತೆರೆದುಕೊಳ್ಳಿ. ಗೆದ್ದ ಮೇಲೆ, ನಿಮಗೇ ಬಾಕಿ ಇರುವ ಸಂಸ್ಥೆಯ ಮೇಲಿನ ದೂರನ್ನು ನೀವು ಕೈಗೆತ್ತಿಕೊಳ್ಳಬೇಡಿ, ಬೇರೆ ಪದಾಧಿಕಾರಿಗೆ ಕೊಡಿ.

ಪ್ರಚಾರದಲ್ಲಿ ಕೃತಕ ಬುದ್ಧಿಮತ್ತೆಯ ಪ್ರಶ್ನೆ ಬಂದೇ ಬರುತ್ತದೆ. 2023ರಲ್ಲಿ ಅಮೆರಿಕದ ನಟರ ಯೂನಿಯನ್ 118 ದಿನ ಮುಷ್ಕರ ಹೂಡಿದಾಗ ನಟರ ರೂಪ, ಧ್ವನಿಗಳ ನಕಲಿಗೆ ಅವರ ಒಪ್ಪಿಗೆ ಮತ್ತು ಸಂಭಾವನೆ ಬೇಕೆಂಬುದೂ ಮುಖ್ಯ ಬೇಡಿಕೆಯಾಗಿತ್ತು. ನಾವು ಅಷ್ಟು ದೂರ ಹೋಗಬೇಕಿಲ್ಲ. ಧ್ವನಿಮುದ್ರಣಕ್ಕೆ ಮುನ್ನ ಸಹಿ ಹಾಕಿಸುವ ಒಂದು ಪುಟದ ಕಾಗದವನ್ನು ಓದಿ. 'ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ತಂತ್ರಜ್ಞಾನಗಳಲ್ಲಿ' ನಿಮ್ಮ ಧ್ವನಿ ಬಳಸಬಹುದು ಎಂಬಂಥ ಸಾಲು ಇರುತ್ತದೆ. ಆ ಸಾಲಿಗೆ ಮಿತಿ ಹಾಕಿಸುತ್ತೇನೆ ಎಂಬುದು ಪ್ರಣಾಳಿಕೆಗೆ ಯೋಗ್ಯವಾದ ಮಾತು. ಪರದೆಯ ಮೇಲೆ ಹೆಸರು ಹಾಕಿಸುವುದೂ ಅಷ್ಟೇ. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ಕಲಾವಿದರಿಗೆ ಹೆಸರು ಹಾಕಿಸಿಕೊಳ್ಳುವ ಹಕ್ಕೂ ಸೇರಿ ಕೆಲವು ಹಕ್ಕುಗಳಿವೆ. ಆದರೆ ಸಿನಿಮಾದಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವವರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಹಕ್ಕುಗಳಲ್ಲಿ ಬಹುಪಾಲು ಅವರಿಗೆ ಸಲ್ಲುವುದಿಲ್ಲ.

ಮತ್ತೆ ಮೀರಾ ರೋಡ್‌ನಿಂದ

ಎಲ್ಲರಿಗೂ ನಮಸ್ಕಾರ. ಒಂದು ಬಣದಿಂದ ಈಗಾಗಲೇ ಫೋನ್ ಬಂದಿದೆ. ಜಂಟಿ ಕಾರ್ಯದರ್ಶಿ ಸ್ಥಾನ ತಮ್ಮವರಿಗೆ ಬಿಟ್ಟರೆ ಕಾರ್ಯಕಾರಿ ಸಮಿತಿಗೆ ನನ್ನನ್ನು ನಿಲ್ಲಿಸುತ್ತಾರಂತೆ. ಒಪ್ಪಬಹುದೇ?

ಗೋರೆಗಾಂವ್‌ನಿಂದ

ನನ್ನನ್ನು ಕೇಳಿದರೆ ಒಪ್ಪಿ. ಸಮಿತಿಯಲ್ಲಿ ಸ್ಥಾನಗಳು ಹೆಚ್ಚು, ಗೆಲುವು ಸುಲಭ, ಒಂದು ಅವಧಿ ಕುಳಿತರೆ ಕಡತಗಳೆಲ್ಲ ಕೈಗೆ ಬರುತ್ತವೆ. ಕಾಂದಿವಲಿಯ ತಂಗಿ ಹೇಳಿದ ದೂರು ಸಮಿತಿಯ ಷರತ್ತನ್ನು ಮಾತ್ರ ಬಿಡಬೇಡಿ, ಸಂದೇಶದಲ್ಲಿ ಬರೆಸಿಕೊಳ್ಳಿ. ಅದಕ್ಕೆ ಒಪ್ಪದಿದ್ದರೆ ಎರಡೂ ಸ್ಥಾನಕ್ಕೆ ನಾಮಪತ್ರ ಹಾಕಲು ನಿಮ್ಮ ನಿಯಮಾವಳಿ ಬಿಡುತ್ತದೆಯೇ ನೋಡಿ. ಬಿಡುವುದಾದರೆ ಹಾಕಿಡಿ, ಹಿಂತೆಗೆಯುವ ಕೊನೆಯ ದಿನದವರೆಗೆ ಯಾರಿಗೂ ಮಾತು ಕೊಡಬೇಡಿ. ಅಂದು ಫೋನುಗಳು ಇನ್ನೂ ಬರುತ್ತವೆ.