ಬಾಥೆಲ್ ಮನೆಯ ಕಪ್ಪಿರುವೆ

ಪುಟ್ಟಿ, ನಿನ್ನ ಮೆಸೇಜ್ ಈಗಷ್ಟೇ ಕೇಳಿದೆ. ಗ್ರೂಪಿನಲ್ಲಿ ಉಳಿದವರಿಗೂ ಗೊತ್ತಾಗಲಿ: ಅಮೆರಿಕದಲ್ಲಿ ಸಿಯಾಟಲ್ ಹತ್ತಿರದ ಬಾಥೆಲ್‌ನಲ್ಲಿ ಇವಳ ಬಾತ್‌ರೂಮಿನಲ್ಲಿ ರಾತ್ರಿ ಹೊತ್ತು ದೊಡ್ಡ ಕಪ್ಪಿರುವೆ ಓಡಾಡುತ್ತಿವೆ, ಕಿಟಕಿ ಕೆಳಗೆ ಮರದ ಹೊಟ್ಟು ಬಿದ್ದಿದೆ. ಪೆಸ್ಟ್ ಕಂಟ್ರೋಲಿನವನು ಇಡೀ ವರ್ಷದ ಕಾಂಟ್ರಾಕ್ಟ್ ಮಾಡಿಸಿ ಅಂತ ಹಿಂದೆ ಬಿದ್ದಿದ್ದಾನಂತೆ.

ದೊಡ್ಡಮ್ಮ, ನೀವು ಗೆದ್ದಲು ಅಂದಿರಿ. ಅಲ್ಲ. ಗೆದ್ದಲು ಮರವನ್ನೇ ತಿನ್ನುತ್ತದೆ, ಓಡಾಡುವ ದಾರಿಗೆ ಮಣ್ಣು ಮೆತ್ತುತ್ತದೆ. ಇದು ಕಾರ್ಪೆಂಟರ್ ಇರುವೆ, ನಮ್ಮೂರ ಗೊದ್ದದ ಥರ. ಮರ ತಿನ್ನುವುದಿಲ್ಲ, ಗೂಡು ಮಾಡಲು ಕೊರೆಯುತ್ತದೆ, ಕೊರೆದದ್ದನ್ನು ಹೊರಗೆ ಎಸೆಯುತ್ತದೆ. ಪುಟ್ಟಿ, ಆ ಹೊಟ್ಟನ್ನು ಬಿಳಿ ಹಾಳೆ ಮೇಲೆ ಹರಡಿ ಟಾರ್ಚ್ ಬಿಟ್ಟು ನೋಡು. ಮರದ ಎಳೆಗಳ ನಡುವೆ ಸತ್ತ ಇರುವೆಯ ಕಾಲು, ತಲೆ, ಚಳಿ ತಡೆಯಲು ಗೋಡೆಯೊಳಗೆ ತುಂಬಿದ ಇನ್ಸುಲೇಶನ್ ಚೂರು ಕಂಡರೆ ಅದೇ, ಅನುಮಾನ ಬೇಡ.

ಆದರೆ ನೀನು ಮೊದಲು ಹುಡುಕಬೇಕಾದದ್ದು ಇರುವೆಯನ್ನಲ್ಲ, ನೀರನ್ನು. ರಾಣಿ ಇರುವ ತಾಯಿಗೂಡು ಸಾಮಾನ್ಯವಾಗಿ ಹಸಿ ಮರದಲ್ಲೇ ಇರುತ್ತದೆ. ತೇವ ಇಲ್ಲದಿದ್ದರೆ ಮೊಟ್ಟೆ ಒಣಗಿ ಹೋಗುತ್ತವೆ. ಇಲ್ಲಿ ಚಳಿಗಾಲ ಪೂರ್ತಿ ಜಿಟಿಜಿಟಿ ಮಳೆ, ಗೋಡೆ ಎಲ್ಲ ಮರದ್ದು, ಇನ್ನೇನು ಬೇಕು ಅವಕ್ಕೆ? ತಾಯಿಗೂಡು ನಿನ್ನ ಹಿತ್ತಲಿನ ಹಳೇ ಮರದ ಬೊಡ್ಡೆಯಲ್ಲಿದ್ದು, ಮನೆಯೊಳಗೆ ಬರೀ ರಾಣಿ, ಮೊಟ್ಟೆ ಇಲ್ಲದ ಕವಲುಗೂಡು ಇರಬಹುದು. ಕವಲುಗೂಡು ಒಣ ಜಾಗದಲ್ಲೂ ಇರುತ್ತದೆ. ಕತ್ತಲಾದ ಮೇಲೆ ಹೊರಗೆ ಹೋಗಿ ಗೋಡೆಯ ಬುಡ ನೋಡು, ಸಾಲು ಸಿಗುತ್ತದೆ. ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿಕೋ. ಬಿಳಿ ಬೆಳಕು ಬಿಟ್ಟರೆ ಗಾಬರಿಯಾಗಿ ಚದುರುತ್ತವೆ.

ನಮ್ಮ ಮನೆಯಲ್ಲಿ ಸಿಕ್ಕಿದ್ದು ಡೆಕ್ಕು, ಅಂದರೆ ಮನೆ ಹೊರಗಿನ ಮರದ ಜಗಲಿ, ಗೋಡೆಗೆ ಸೇರುವ ಹಲಗೆಯಲ್ಲಿ. ಮೇಲಿನ ಬಣ್ಣ ಚೆನ್ನಾಗಿಯೇ ಇತ್ತು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು! ಗೋಡೆಯ ಹೊರಹೊದಿಕೆ ಸೈಡಿಂಗ್ ಬಿಚ್ಚಿದರೆ ಒಳಗೆಲ್ಲ ಸುರಂಗ, ಉಪ್ಪುಕಾಗದ ಹಾಕಿ ಉಜ್ಜಿದಷ್ಟು ನುಣುಪು. ಒಂದು ಚೂರು ಮಣ್ಣಿಲ್ಲ. ಮಳೆನೀರು ಹಲಗೆಯ ಹಿಂದೆ ಇಳಿಯದ ಹಾಗೆ ತಗಡಿನ ಫ್ಲಾಶಿಂಗ್ ಇರಬೇಕಿತ್ತು, ಮನೆ ಕಟ್ಟಿದವನು ಹಾಕಿಯೇ ಇರಲಿಲ್ಲ ಪುಣ್ಯಾತ್ಮ.

ನಿನ್ನ ಮನೆಯಲ್ಲಿ ನನಗೆ ಅನುಮಾನ ಇರುವುದು ಶವರ್ ಪಕ್ಕದ ಕಿಟಕಿ ಮೇಲೆ. ಕಮೋಡಿನ ಬುಡವನ್ನೂ ನೋಡು. ಎಕ್ಸಾಸ್ಟ್ ಫ್ಯಾನಿನ ಪೈಪು ಹೊರಗೆ ಹೋಗುತ್ತದಾ, ಇಲ್ಲ ಅಟ್ಟದಲ್ಲೇ ಆವಿ ಬಿಡುತ್ತದಾ? ಎಷ್ಟೋ ಮನೆಗಳಲ್ಲಿ ಅಟ್ಟಕ್ಕೇ ಬಿಟ್ಟಿರುತ್ತಾರೆ. ಸೂರಂಚಿನ ಗಟರ್‌ನಲ್ಲಿ ಎಲೆ ತುಂಬಿ ನೀರು ಗೋಡೆಗೆ ಇಳಿಯುತ್ತಿದೆಯಾ, ಮನೆ ಅಡಿಯ ಕ್ರಾಲ್ ಸ್ಪೇಸಿನಲ್ಲಿ ತೇವ ಮೇಲೇಳದ ಹಾಗೆ ನೆಲದ ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿದೆಯಾ ನೋಡಿಸು. ಗೋಡೆಗೆ ಒರಗಿಸಿಟ್ಟ ಸೌದೆ ಮಾತ್ರ ಇವತ್ತೇ ದೂರ ಹಾಕು.

ಮಾವ ಅರಿಶಿನ ಹಾಕು ಅಂದಿದ್ದಾರೆ. ಅಡುಗೆಮನೆ ಸಕ್ಕರೆ ಡಬ್ಬಿಯ ಸಾಲಿಗೆ ಸರಿ ಮಾವ, ಗೋಡೆಯೊಳಗಿನ ರಾಣಿಗೆ ಯಾರು ತಲುಪಿಸುವುದು? ಅಂಗಡಿಯ ಸ್ಪ್ರೇ ಕೂಡ ಅಷ್ಟೇ. ಓಡಾಡುವ ನಾಲ್ಕು ಸಾಯುತ್ತವೆ, ಗೂಡು ಹಾಗೇ ಇರುತ್ತದೆ. ಪೆಸ್ಟ್ ಕಂಟ್ರೋಲಿನವನು ಬರಲಿ, ಬೇಡ ಅನ್ನುತ್ತಿಲ್ಲ. ಆದರೆ ಗೂಡು ಹುಡುಕುತ್ತೀರಾ, ಇಲ್ಲ ಸುಮ್ನೆ ಮನೆ ಸುತ್ತ ಔಷಧ ಹೊಡೆದು ಹೋಗುತ್ತೀರಾ ಅಂತ ಕೇಳು. ಇರುವೆಗೆ ಗೊತ್ತಾಗದ ಹಾಗೆ ಗೂಡಿನವರೆಗೂ ಹೋಗುವ ಔಷಧ ಬರುತ್ತದೆ, ಅದನ್ನೇ ಕೇಳು. ಇನ್ಶೂರೆನ್ಸ್ ನಂಬಿಕೊಳ್ಳಬೇಡ. ಪೈಪು ದಿಢೀರ್ ಒಡೆದರೆ ಕೊಡುತ್ತಾರೆ, ಇರುವೆಗೆ, ನಿಧಾನಕ್ಕೆ ಕೊಳೆತದ್ದಕ್ಕೆ ಸಾಮಾನ್ಯವಾಗಿ ಕೈ ಎತ್ತುತ್ತಾರೆ.

ಶನಿವಾರ ಮರದ ತೇವ ಅಳೆಯುವ ನನ್ನ ಮಾಯಿಶ್ಚರ್ ಮೀಟರ್ ತರುತ್ತೇನೆ. ಮರದಲ್ಲಿ ಚುಚ್ಚಿದಾಗ 15 ಪರ್ಸೆಂಟ್ ಒಳಗಿದ್ದರೆ ನೆಮ್ಮದಿ, 20 ದಾಟಿದರೆ ಆ ಭಾಗದ ಒಳಗೋಡೆಯ ಡ್ರೈವಾಲ್ ಹಲಗೆ ಒಡೆದು ನೋಡಲೇಬೇಕು. ಕಿಟಕಿ ಪಕ್ಕದ ಕಪಾಟು ಖಾಲಿ ಮಾಡಿಡು. ಹಾಂ, ಆ ಹೊಟ್ಟನ್ನು ಫೋಟೋ ತೆಗೆದು ಗುಡಿಸಿಬಿಡು. ಶನಿವಾರದೊಳಗೆ ಮತ್ತೆ ಬಿದ್ದರೆ ಗೂಡಿನಲ್ಲಿ ಈಗಲೂ ಕೆಲಸ ನಡೀತಿದೆ ಅಂತ.